ಏಳು ತಂತಿಗೂ ಒಗ್ಗುವ ಬ್ರಿಡ್ಜ್ ಪಿಕಪ್ ಯಾವುದು?

ಏಳು ತಂತಿಯ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಆರು ತಿಂಗಳು ನುಡಿಸಿದವರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ದೂರು. ಆರು ತಂತಿ ಚೆನ್ನಾಗಿವೆ, ಏಳನೆಯದು ಮಾತ್ರ ಗೊಜ್ಜಾಗಿ ಕೇಳುತ್ತದೆ. ಆಮೇಲೆ ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿ) ಪಕ್ಕದ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ, ತೆಗೆಸಿ, ಸಿಕ್ಕಿದ್ದರಲ್ಲೇ ಜೋರಾದದ್ದನ್ನು ಹಾಕಿಸುತ್ತಾರೆ. ಗೊಜ್ಜು ಹೋಗುತ್ತದೆ. ಆದರೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುವುದು) ಆಫ್ ಮಾಡಿ ಸುಮ್ನೆ ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸಿ ನೋಡಿ. ತಗಡು ಬಡಿದ ಹಾಗೆ ಕೇಳುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಏಳು ತಂತಿಗೆ ಅಂತ ಬಂದ ಎಷ್ಟೋ ಪಿಕಪ್‌ಗಳನ್ನು ಆ ಒಂದೇ ತಂತಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾರೆ. ಎಲ್ಲ ಬಗೆಯ ಸಂಗೀತಕ್ಕೂ ಒಗ್ಗುವ ಪಿಕಪ್ ಬೇಕಾದರೆ, ಉಳಿದ ಆರನ್ನು ಮರೆಯದ ಪಿಕಪ್ ಹುಡುಕಬೇಕು. ಪರಿಸ್ಥಿತಿ ಹೀಗೇಕೆ ಆಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲು ತಂತಿಯ ಲೆಕ್ಕ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ ಇ ಸ್ವರದ್ದು. ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳನೆಯದು ಅದಕ್ಕೂ ಕೆಳಗಿನ ಬಿ. ಅದು ಸುಮಾರು 62 ಸಲ. ಅತಿ ತೆಳುವಾದ ಮೊದಲ ತಂತಿ 330 ಸಲ. ಇಷ್ಟನ್ನೂ ಹಿಡಿಯಬೇಕಾದದ್ದು ಎರಡು ಬೆರಳಗಲದ ಒಂದೇ ಡಬ್ಬಿ. ಅದರೊಳಗೆ ಅಯಸ್ಕಾಂತ ಇದೆ. ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್ ಇದೆ. ಮೇಲೆ ಗಿಟಾರಿನ ಉಕ್ಕಿನ ತಂತಿ ಅಲುಗಿದಾಗ ಕಾಯಿಲ್‌ನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಸುತ್ತು ಜಾಸ್ತಿ ಆದಷ್ಟೂ ಸದ್ದು ಜೋರು. ಆದರೆ ಅಷ್ಟೇ ಮಟ್ಟಿಗೆ ಮೇಲಿನ ಸ್ವರಗಳ ಹೊಳಪು ಕಡಿಮೆ. ಈ ಕೊಡು-ಕೊಳ್ಳುವಿಕೆಯಿಂದ ಯಾವ ಪಿಕಪ್ಪೂ ತಪ್ಪಿಸಿಕೊಂಡಿಲ್ಲ.

ಏಳು ತಂತಿಯ ಆಸೆ ಶುರುವಾದದ್ದು ಮೆಟಲ್ ಸಂಗೀತದಿಂದ ಅಲ್ಲ. ರಷ್ಯಾದಲ್ಲಿ 19ನೇ ಶತಮಾನದಲ್ಲೇ ಏಳು ತಂತಿಯ ಗಿಟಾರ್ ಮನೆಮಾತಾಗಿತ್ತು. ಅಮೆರಿಕದಲ್ಲಿ ಜಾಜ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲಿ ಎಪಿಫೋನ್ ಕಂಪನಿಯಿಂದ ಇಂಥದ್ದೊಂದು ಮಾಡಿಸಿಕೊಂಡರು. ಕಾರ್ಡ್ ನುಡಿಸುತ್ತಲೇ ಕೆಳಗಿನ ಬೇಸ್ ನಡೆಯನ್ನೂ ತಾವೇ ನುಡಿಸಬೇಕು ಅನ್ನುವುದು ಅವರ ಆಸೆ. ನಮ್ಮ ಸರಸ್ವತಿ ವೀಣೆಗೂ ಏಳೇ ತಂತಿ. ಅದರಲ್ಲಿ ನಾಲ್ಕು ನುಡಿಸೋಕೆ, ಮೂರು ತಾಳಕ್ಕೆ. ವ್ಯಾನ್ ಎಪ್ಸ್ ಗಿಟಾರಿನಲ್ಲಿ ಏಳೂ ನುಡಿಸೋಕೇ. ಆ ಕಾಲದಲ್ಲಿ ಕೆಳಗಿನ ತಂತಿ ಅಂದರೆ ಸ್ಪಷ್ಟ, ಮೃದು, ತುಂಬು ನಾದ. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಬಂದವರು ಇದನ್ನೇ ಮರೆತರು.

ಪಿಕಪ್ ಕಡೆ ದೊಡ್ಡ ತಿರುವು ಬಂದದ್ದು 1955ರಲ್ಲಿ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಎರಡು ಕಾಯಿಲ್‌ಗಳನ್ನು ಪಕ್ಕಪಕ್ಕ ಇಟ್ಟು ಪೇಟೆಂಟಿಗೆ ಅರ್ಜಿ ಹಾಕಿದರು. ಎರಡೂ ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುವುದರಿಂದ ಕರೆಂಟಿನ ಗುಂಯ್ ಸದ್ದು ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಅಳಿಸಿಹೋಗುತ್ತದೆ. ತಂತಿಯ ನಾದ ಮಾತ್ರ ಎರಡರಲ್ಲೂ ಸೇರಿ ದಪ್ಪವಾಗುತ್ತದೆ. ಗುಂಯ್ ಅನ್ನುವುದನ್ನು ಕೊಲ್ಲುವುದರಿಂದ ಅದಕ್ಕೆ ಹಂಬಕರ್ ಅಂತ ಹೆಸರು. 1957ರಿಂದ ಗಿಟಾರುಗಳಲ್ಲಿ ಬಂತು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ.

ಏಳು ತಂತಿಯವರಿಗೆ ಈ ಆವಿಷ್ಕಾರ ಉಳಿದವರಿಗಿಂತ ಜಾಸ್ತಿ ಮುಖ್ಯ. ಅಮೆರಿಕದಲ್ಲಿ ಮನೆ ಕರೆಂಟು ಸೆಕೆಂಡಿಗೆ 60 ಸಲ ಹಿಂದೆ ಮುಂದೆ ಹೋಗಿಬರುತ್ತದೆ, ನಮ್ಮಲ್ಲಿ 50. ಕೆಳಗಿನ ಬಿ ತಂತಿಯದು 62. ಅದನ್ನು ಒಂದು ಸ್ವರ ಇಳಿಸಿ ಎ ಮಾಡಿಕೊಂಡರೆ 55. ಅಂದರೆ ಕರೆಂಟಿನ ಗದ್ದಲವೂ ತಂತಿಯ ನಾದವೂ ಒಂದೇ ಜಾಗದಲ್ಲಿ ಕೂತಿವೆ. ಈಕ್ವಲೈಜರ್ ಹಿಡಿದು ಒಂದನ್ನು ಕತ್ತರಿಸಲು ಹೋದರೆ ಇನ್ನೊಂದಕ್ಕೂ ಕತ್ತರಿ ಬೀಳುತ್ತದೆ. ಗದ್ದಲ ಹುಟ್ಟದಂತೆ ಪಿಕಪ್‌ನಲ್ಲೇ ತಡೆಯುವುದು ಒಳ್ಳೆಯದು.

ಪಿಕಪ್ ಬದಲಿಸುವ ವ್ಯಾಪಾರ ಶುರುವಾದದ್ದು 1970ರ ದಶಕದಲ್ಲಿ. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ 1972ರಲ್ಲಿ ಸೂಪರ್ ಡಿಸ್ಟಾರ್ಷನ್ ಅನ್ನುವ ಪಿಕಪ್ ತಂದರು. ಗಿಟಾರ್ ಕಂಪನಿ ಕೊಟ್ಟದ್ದನ್ನು ಕಿತ್ತು ಬೇರೆಯದು ಹಾಕಿಕೊಳ್ಳುವ ರೂಢಿ ಬೆಳೆದದ್ದು ಅಲ್ಲಿಂದ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೆಮೋರ್ ಡಂಕನ್ ಕಂಪನಿ ಬಂತು. ಅದೇ ವರ್ಷ, ಅದೇ ರಾಜ್ಯದಲ್ಲಿ, 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಪಿಕಪ್‌ಗಳಿಗೆ ಹೆಸರಾದ ಇಎಂಜಿ ಕೂಡ ಶುರುವಾಯಿತು. ಆಗ ಎಲ್ಲರ ಗುರಿ ಒಂದೇ: ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ವಾಲ್ವ್ ಆಂಪನ್ನು ಇನ್ನೂ ಬೇಗ ಒಡೆದ ಸದ್ದಿಗೆ ತರಬೇಕು. ಹಾಗಾಗಿ ಜೋರಾದ ಪಿಕಪ್ ಅಂದರೆ ಒಳ್ಳೆಯ ಪಿಕಪ್ ಅನ್ನುವ ನಂಬಿಕೆ ಬೇರೂರಿತು. ಇವತ್ತು ಆಂಪಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಗೇನ್ (ಸದ್ದನ್ನು ಒಡೆಯುವಷ್ಟು ಏರಿಸುವ ಬಲ) ಇದೆ. ನಂಬಿಕೆ ಮಾತ್ರ ಹೋಗಿಲ್ಲ.

1990ರಲ್ಲಿ ಜಪಾನಿನ ಐಬನೆಜ್ ಕಂಪನಿ ಅಮೆರಿಕದ ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಜೊತೆ ಸೇರಿ ಯೂನಿವರ್ಸ್ ಅನ್ನುವ ಏಳು ತಂತಿಯ ಗಿಟಾರ್ ಬಿಡುಗಡೆ ಮಾಡಿತು. ಅದಕ್ಕೆ ಡಿಮಾರ್ಜಿಯೊ ಬ್ಲೇಜ್ ಪಿಕಪ್‌ಗಳು. ವಾಯ್ ಒಂದು ಗಿಟಾರಿನಲ್ಲೇ ಹತ್ತು ಬಗೆಯ ನಾದ ತೆಗೆಯುವವರು. ಆದ್ದರಿಂದ ಎರಡು ಹಂಬಕರ್ ನಡುವೆ ಒಂದೇ ಕಾಯಿಲ್‌ನ ಒಂದು ಪಿಕಪ್ (ಸಿಂಗಲ್ ಕಾಯಿಲ್), ಐದು ಕಡೆ ತಿರುಗುವ ಸ್ವಿಚ್, ಎಲ್ಲ ಇತ್ತು. ಅಂದರೆ ಕಾರ್ಖಾನೆಯಿಂದ ಬಂದ ಈ ಏಳು ತಂತಿಯ ರಾಕ್ ಗಿಟಾರ್ ಎಲ್ಲಕ್ಕೂ ಒಗ್ಗಬೇಕು ಅಂತಲೇ ಹುಟ್ಟಿದ್ದು.

ನಾಲ್ಕು ವರ್ಷದಲ್ಲಿ ದಾರಿ ಬದಲಾಯಿತು. 1994ರಲ್ಲಿ ಕಾರ್ನ್ ಅನ್ನುವ ಮೆಟಲ್ ತಂಡದ ಮೊದಲ ಆಲ್ಬಂ ಬಂತು. ಅವರ ಇಬ್ಬರು ಗಿಟಾರ್ ವಾದಕರೂ ಏಳು ತಂತಿ ಹಿಡಿದು, ಎಲ್ಲ ತಂತಿಗಳನ್ನೂ ಒಂದು ಸ್ವರ ಇಳಿಸಿ ನುಡಿಸಿದರು. ಅದೇ ವರ್ಷ ಡ್ರೀಮ್ ಥಿಯೇಟರ್ ತಂಡದ ಜಾನ್ ಪೆಟ್ರೂಚಿಯೂ ಏಳು ತಂತಿ ಹಿಡಿದರು. ಸ್ವೀಡನ್ನಿನ ಮೆಶುಗಾ ತಂಡವೂ ಏಳಕ್ಕೆ ಬಂತು, 2002ರ ಹೊತ್ತಿಗೆ ಎಂಟಕ್ಕೂ ಹೋಯಿತು. ಅಂಗಡಿಗೆ ಬರುವವರೆಲ್ಲ ಕೆಳಗಿನ ತಂತಿಯ ಗುದ್ದಿಗೇ ಬರತೊಡಗಿದರು. ಪಿಕಪ್ ಮಾಡುವವರು ಅದನ್ನೇ ಕೇಳಿಸಿಕೊಂಡರು. ಇಎಂಜಿಯ 707 ಅನ್ನುವ ಪಿಕಪ್ ವರ್ಷಗಟ್ಟಲೆ ಈ ಗಿಟಾರುಗಳ ಖಾಯಂ ಆಯ್ಕೆಯಾಯಿತು. ಬಿಗಿಯಾದ ಸದ್ದು, ಗದ್ದಲ ಇಲ್ಲ. ಆದರೆ ತಂತಿ ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಹೆಚ್ಚು ವ್ಯತ್ಯಾಸ ಕಾಣಿಸದು ಅನ್ನುವ ಕೊರಗು ನುಡಿಸುವವರಲ್ಲಿ ಇದ್ದೇ ಇತ್ತು. ನನಗೂ ಹಾಗೇ ಅನಿಸಿದೆ.

ಆಮೇಲೆ ಒಂದು ಪಾಠ ನಿಧಾನವಾಗಿ ಅರ್ಥವಾಯಿತು. ಏಳನೇ ತಂತಿ ಗೊಜ್ಜಾಗುವುದು ಪಿಕಪ್‌ನಲ್ಲಿ ಬಲ ಇಲ್ಲದ್ದರಿಂದ ಅಲ್ಲ, ಬೇಸ್ ಜಾಸ್ತಿ ಆದದ್ದರಿಂದ. ತೀರಾ ಕೆಳಗಿನ ಸದ್ದು ಡಿಸ್ಟಾರ್ಷನ್‌ಗೆ ಹೋದಾಗ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಇದ್ದರೆ ಅದರ ಡ್ರೈವ್ ಪೂರ್ತಿ ಇಳಿಸಿ, ಲೆವೆಲ್ ಏರಿಸಿ, ಆಂಪಿನ ಮುಂದೆ ಹಾಕಿ. ಅದು ಬೇಸ್ ಕಡಿಮೆ ಮಾಡಿ ಕಳಿಸುತ್ತದೆ. ಗೊಜ್ಜು ಅಷ್ಟಕ್ಕೇ ಹೋದರೆ ಪಿಕಪ್ ಬದಲಿಸುವ ಖರ್ಚೇ ಬೇಡ, ಅಲ್ವಾ?

2010ರ ದಶಕದ ಹೊಸ ಪಿಕಪ್‌ಗಳು ಈ ಪಾಠದ ಮೇಲೆ ನಿಂತಿವೆ. ಪೆರಿಫೆರಿಯಂಥ ಮೆಟಲ್ ತಂಡಗಳು ಒಂದೇ ಹಾಡಿನಲ್ಲಿ ಗುದ್ದುವ ರಿಫ್ಫನ್ನೂ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಗಾಜಿನಂಥ ಕ್ಲೀನ್, ಅಂದರೆ ಡಿಸ್ಟಾರ್ಷನ್ ಇಲ್ಲದ, ನಾದವನ್ನೂ ಬೇಡಿದವು. ಇಂಗ್ಲೆಂಡಿನ ಬೇರ್ ನಕಲ್ ಕಂಪನಿ ಜಗರ್‌ನಾಟ್ ಅನ್ನುವ ಪಿಕಪ್ ತಂದಿತು. ಸೆಮೋರ್ ಡಂಕನ್ ಒಂದಲ್ಲ, ಎರಡು ಬ್ರಿಡ್ಜ್ ಪಿಕಪ್ ತಂದಿತು: ಸೆರಾಮಿಕ್ ಅಯಸ್ಕಾಂತದ ಉಗ್ರ ನಾಜ್‌ಗುಲ್, ಅಲ್ನಿಕೊ 5 ಅಯಸ್ಕಾಂತದ ಸ್ವಲ್ಪ ಸೌಮ್ಯವಾದ ಪೆಗಾಸಸ್. 2014ರಲ್ಲಿ ಫಿಶ್‌ಮನ್ ಕಂಪನಿ ಫ್ಲೂಯೆನ್ಸ್ ತಂದಾಗ ತಾಮ್ರದ ತಂತಿ ಸುತ್ತುವ ಪದ್ಧತಿಯನ್ನೇ ಬಿಟ್ಟು, ಮುದ್ರಿಸಿದ ಸರ್ಕ್ಯೂಟ್ ಪದರಗಳನ್ನು ಒಂದರ ಮೇಲೊಂದು ಜೋಡಿಸಿತ್ತು. ಒಂದೇ ಪಿಕಪ್, ಸ್ವಿಚ್ ಎಳೆದರೆ ಇನ್ನೊಂದು ದನಿ.

ಈಗ ಆಯ್ಕೆಯ ಮಾತು. ಮೆಟಲ್ ಬಿಟ್ಟು ಬೇರೇನೂ ನುಡಿಸದವರಿಗೆ ನಾಜ್‌ಗುಲ್ ಥರದ್ದು ಸಾಕು, ಅದರಲ್ಲಿ ತಪ್ಪೇನಿಲ್ಲ. ಎಲ್ಲ ನುಡಿಸುವವರಿಗೆ ನನ್ನ ಸಲಹೆ ಮಧ್ಯಮ ಬಲದ, ಬೇಸ್ ಹಿಡಿತದಲ್ಲಿರುವ, ಮಧ್ಯದ ಸ್ವರಗಳು ಎದ್ದು ಕಾಣುವ ಪಿಕಪ್. ಪೆಗಾಸಸ್ ಆ ಜಾತಿಯದು. ಬ್ಯಾಟರಿ ಬದಲಿಸುವುದು ಕಿರಿಕಿರಿ ಅನಿಸದವರಿಗೆ, ಬ್ಯಾಟರಿಯಿಂದ ನಡೆಯುವ ಫ್ಲೂಯೆನ್ಸ್ ಮಾಡರ್ನ್ ಕೂಡ ಒಳ್ಳೆಯದು. ಅಂಕಿ ನೋಡಿ ಮೋಸಹೋಗಬೇಡಿ. ಕಾಯಿಲ್‌ನ ವಿದ್ಯುತ್ ತಡೆ 16 ಕಿಲೋ ಓಮ್ ಇದೆ, ಆದ್ದರಿಂದ 8ರದ್ದಕ್ಕಿಂತ ಎರಡು ಪಟ್ಟು ಜೋರು ಅನ್ನುವುದು ತಪ್ಪು ಲೆಕ್ಕ. ತಾಮ್ರದ ತಂತಿ ಇನ್ನೂ ತೆಳುವಾದರೂ ಓಮ್ ಏರುತ್ತದೆ.

ಪಿಕಪ್‌ನಷ್ಟೇ ಮುಖ್ಯ ಅದರ ಜೋಡಣೆ. ಹಂಬಕರ್‌ನ ಒಂದು ಕಾಯಿಲ್ ಮಾತ್ರ ಬಳಸುವ ಸ್ಪ್ಲಿಟ್ ಪದ್ಧತಿ ಎಲ್ಲರಿಗೂ ಗೊತ್ತು. ಬ್ರಿಡ್ಜ್ ಜಾಗದಲ್ಲಿ ಅದು ಬಡಕಲಾಗಿ ಕೇಳುತ್ತದೆ, ಗುಂಯ್ ಸದ್ದೂ ವಾಪಸ್ ಬರುತ್ತದೆ. ಅದರ ಬದಲು ಎರಡೂ ಕಾಯಿಲ್‌ಗಳನ್ನು ಮಾಮೂಲಿನಂತೆ ಒಂದರ ಹಿಂದೊಂದು ಅಲ್ಲದೆ ಪ್ಯಾರಲಲ್ (ಸಮಾನಾಂತರ) ಆಗಿ ಜೋಡಿಸುವ ಸ್ವಿಚ್ ಹಾಕಿಸಿ. ಬಲ ಇಳಿಯುತ್ತದೆ, ಹೊಳಪು ಬರುತ್ತದೆ, ಗದ್ದಲ ಬರುವುದಿಲ್ಲ. ಕ್ಲೀನ್ ಕಾರ್ಡ್ ನುಡಿಸುವಾಗ ಏಳೂ ತಂತಿ ಬಿಡಿಬಿಡಿಯಾಗಿ ಕೇಳುತ್ತವೆ.

ಕೊಳ್ಳುವ ಮುಂಚೆ ಗಿಟಾರಿನ ಹೊಂಡ ಅಳೆಯಿರಿ. 707ರಂಥ ಮುಚ್ಚಿದ ಡಬ್ಬಿ ಮಾಮೂಲಿ ಏಳು ತಂತಿಯ ಹಂಬಕರ್‌ಗಿಂತ ದೊಡ್ಡದು. ಮರ ಕೆತ್ತದೆ ಅದು ಕೂರದು. ಫ್ರೆಟ್‌ಗಳು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು) ಬೀಸಣಿಗೆಯಂತೆ ಹರಡಿದ ಗಿಟಾರುಗಳಲ್ಲಿ ಪಿಕಪ್ ಓರೆಯಾಗಿ ಕೂರುತ್ತದೆ. ಅಲ್ಲಿ ತಂತಿಗಳ ಅಂತರವನ್ನೂ ನೋಡಿಕೊಳ್ಳಬೇಕು.

ವೈರುಗಳ ಬಣ್ಣದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನಾನೇ ಅನುಭವಿಸಿದ್ದೇನೆ. ಡಿಮಾರ್ಜಿಯೊದಲ್ಲಿ ಕೆಂಪು ಸ್ವಿಚ್ಚಿಗೆ, ಕಪ್ಪು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ಸೆಮೋರ್ ಡಂಕನ್‌ನಲ್ಲಿ ಕಪ್ಪು ಸ್ವಿಚ್ಚಿಗೆ, ಕೆಂಪು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ. ನನ್ನ ಗಿಟಾರಿಗೆ ಡಂಕನ್ ಹಾಕಿದ ಅಂಗಡಿಯವರು ಡಿಮಾರ್ಜಿಯೊ ಬಣ್ಣದ ಪ್ರಕಾರ ಬೆಸುಗೆ ಹಾಕಿದ್ದರು. ಮನೆಗೆ ತಂದು ನುಡಿಸಿದರೆ ಸದ್ದು ಬಡಕಲು, ಜೊತೆಗೆ ಗುಂಯ್. ದುಡ್ಡು ಸುರಿದು ತಂದ ಪಿಕಪ್ಪೇ ಕೆಟ್ಟದ್ದು ಅಂತ ಒಂದು ವಾರ ಕೊರಗಿದೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದ ಮಲ್ಟಿಮೀಟರ್ ಹಿಡಿದು ನೋಡಿದಾಗ ಕಂಪನಿ ಹೇಳಿದ್ದರ ಅರ್ಧದಷ್ಟೇ ಓಮ್ ತೋರಿಸಿತು. ಡಂಕನ್‌ನಲ್ಲಿ ಕಪ್ಪು ಬಿಳಿ ಒಂದೇ ಕಾಯಿಲ್‌ನ ಎರಡು ತುದಿ. ಅವೆರಡನ್ನೂ ಸೇರಿಸಿದ್ದರಿಂದ ಆ ಕಾಯಿಲ್ ತನ್ನೊಳಗೇ ಸುತ್ತು ಹೊಡೆಯುತ್ತ ಕೂತಿತ್ತು, ಇನ್ನೊಂದು ಕಾಯಿಲ್ ಮಾತ್ರ ದುಡಿಯುತ್ತಿತ್ತು. ಹಳೆ ಬೆಸುಗೆ ಬಿಡಿಸಿ, ಕಪ್ಪು ಕೆಂಪು ಅದಲುಬದಲು ಮಾಡಿದೆ. ಹತ್ತು ನಿಮಿಷದ ಕೆಲಸ. ಆಂಪ್ ಆನ್ ಮಾಡಿದಾಗ ಬಿ ತಂತಿ ಮೊದಲ ಸಲ ಬಿ ತಂತಿಯ ಹಾಗೆ ಕೇಳಿಸಿತು.

ಕೂರಿಸಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಏಳನೇ ತಂತಿಯ ಕಡೆಯ ಸ್ಕ್ರೂ ಸಡಿಲಿಸಿ ಪಿಕಪ್ಪನ್ನು ಆ ಕಡೆ ಸ್ವಲ್ಪ ಕೆಳಗಿಳಿಸಿ. ಕೊನೆಯ ಫ್ರೆಟ್ ಒತ್ತಿ ಹಿಡಿದು ಅಳೆದರೆ ತೆಳು ತಂತಿಯ ಕೆಳಗೆ ಎರಡು ಮಿಲಿಮೀಟರ್, ದಪ್ಪ ತಂತಿಯ ಕೆಳಗೆ ಮೂರು. ನಾನು ಇಲ್ಲಿಂದ ಶುರು ಮಾಡುತ್ತೇನೆ. ಆಮೇಲೆ ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲವೂ ಕ್ಲೀನ್‌ನಲ್ಲಿ ಏಳೂ ತಂತಿಯ ಒಂದು ಕಾರ್ಡನ್ನು ಮೆಲ್ಲಗೆ ಬಿಡಿಸಿ ನುಡಿಸುತ್ತೇನೆ. ಕೆಳಗಿನ ಸ್ವರ ಉಳಿದವುಗಳ ಮೇಲೆ ಹತ್ತಿ ಕೂರದೆ ಪಕ್ಕದಲ್ಲಿ ನಿಂತ ಹಾಗೆ ಕೇಳಿದಾಗ ಸ್ಕ್ರೂಡ್ರೈವರ್ ಕೆಳಗಿಡುತ್ತೇನೆ.