ಮಾದರಿ ದೋಣಿಯ ಮೋಟರು: ವೋಲ್ಟೇಜಿನ ಜೊತೆಗೇ ಪ್ರೊಪೆಲರಿನ ಲೆಕ್ಕ

ವಿದ್ಯುತ್ ಮಾದರಿ ದೋಣಿಗೆ ಮೋಟರು ಕೊಳ್ಳುವವರು ಮೊದಲು ನೋಡುವುದು ಅದರ ಮೇಲೆ ಬರೆದಿರುವ ವೋಲ್ಟೇಜನ್ನು. 7.2 ವೋಲ್ಟ್ ಎಂದಿದ್ದರೆ ಅಷ್ಟೇ ವೋಲ್ಟಿನ ಬ್ಯಾಟರಿ ಜೋಡಿಸಿ, ಇನ್ನು ಅಪಾಯವಿಲ್ಲವೆಂದುಕೊಳ್ಳುತ್ತಾರೆ. ಆದರೆ ಮೋಟರನ್ನು ಸುಡುವುದು ಅದರ ತಾಮ್ರದ ಸುರುಳಿಯಲ್ಲಿ ಹರಿಯುವ ಕರೆಂಟು. ಅದು ಎಷ್ಟಿರಬೇಕೆಂಬುದನ್ನು ಬಹುಪಾಲು ನಿರ್ಧರಿಸುವುದು ನೀರಿನಲ್ಲಿ ತಿರುಗುವ ಪ್ರೊಪೆಲರು.

ಬ್ರಷ್ ಇರುವ ಡಿ.ಸಿ. ಮೋಟರು ತಿರುಗುವಾಗ ತಾನೇ ಜನರೇಟರಿನಂತೆ ವರ್ತಿಸಿ, ಬ್ಯಾಟರಿಗೆ ಎದುರಾಗಿ ಒಂದು ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಈ ಎದುರು ವೋಲ್ಟೇಜು ಏರಿ, ಕರೆಂಟು ಇಳಿಯುತ್ತದೆ. ಪ್ರೊಪೆಲರಿಲ್ಲದೆ ಗಾಳಿಯಲ್ಲಿ ತಿರುಗುವ ಮೋಟರು ತಣ್ಣಗಿರುವುದು ಇದರಿಂದಲೇ. ಆ ಪರೀಕ್ಷೆಯನ್ನು ನಂಬಿ ದೋಣಿಯನ್ನು ನೀರಿಗೆ ಬಿಡುವಂತಿಲ್ಲ.

ಸುರುಳಿಯ ರೋಧ 0.3 ಓಮ್ ಇರುವ ಮೋಟರೊಂದು 40 ಮಿಲಿಮೀಟರ್ ವ್ಯಾಸದ ಪ್ರೊಪೆಲರನ್ನು ತಿರುಗಿಸುತ್ತ, 7.2 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಸುರುಳಿಯಲ್ಲಿ ಹುಟ್ಟುವ ಶಾಖ ಸಿಗುತ್ತದೆ: ಸುಮಾರು 11 ವ್ಯಾಟ್. ಬ್ಯಾಟರಿಯನ್ನು 9.6 ವೋಲ್ಟಿಗೆ ಏರಿಸಿದರೆ ಪ್ರೊಪೆಲರಿನ ವೇಗ ಹೆಚ್ಚುವುದು ಕಾಲುಭಾಗದಷ್ಟೇ. ಆದರೆ ನೀರಿನ ಪ್ರತಿರೋಧ ವೇಗದ ವರ್ಗದಂತೆ ಬೆಳೆಯುವುದರಿಂದ ಕರೆಂಟು 9.4 ಆಂಪಿಯರ್ ತಲುಪಿ, ಶಾಖ ಎರಡೂವರೆ ಪಟ್ಟಾಗುತ್ತದೆ. ವೋಲ್ಟೇಜನ್ನು ಮುಟ್ಟದೆ, ಅದೇ ಆಕಾರದ 45 ಮಿಲಿಮೀಟರಿನ ಪ್ರೊಪೆಲರನ್ನು ಹಾಕಿದರೂ ಶಾಖ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಏಕೆಂದರೆ ಒಂದೇ ವೇಗದಲ್ಲಿ ತಿರುಗಿಸಲು ಬೇಕಾದ ಬಲ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ಐದು ಮಿಲಿಮೀಟರ್ ಅಂಗಡಿಯಲ್ಲಿ ಕಣ್ಣಿಗೆ ಕಾಣುವಷ್ಟೂ ದೊಡ್ಡದಲ್ಲ, ಸುರುಳಿಗೆ ಮಾತ್ರ ಅದು ಬಹಳ ದೊಡ್ಡದು. ಪಿಚ್, ಅಂದರೆ ಒಂದು ಸುತ್ತಿಗೆ ಪ್ರೊಪೆಲರು ಲೆಕ್ಕದಂತೆ ಮುಂದೆ ಸಾಗುವ ದೂರ, ಹೆಚ್ಚಿದರೂ ಹೊರೆ ಏರುತ್ತದೆ, ಆದರೆ ವ್ಯಾಸದಷ್ಟು ತೀವ್ರವಾಗಿ ಅಲ್ಲ. ಶಾಖ ಮಿತಿಮೀರಿದರೆ ತಂತಿಯ ಎನಾಮಲ್ ಲೇಪ ಹಾಳಾಗುತ್ತದೆ, ಆಯಸ್ಕಾಂತಗಳು ದುರ್ಬಲವಾಗುತ್ತವೆ. ಆಗ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಕರೆಂಟು ಬೇಕಾಗುತ್ತದೆ.

ಬಂದರಿನಲ್ಲಿ ಹಡಗು ಎಳೆಯುವ ಟಗ್ಗಿನ ಮಾದರಿಗೆ ಹೆಚ್ಚು ವೋಲ್ಟೇಜು ಕೊಟ್ಟು ಗಳಿಸುವುದು ಬಹಳ ಕಡಿಮೆ. ನೀರನ್ನು ಸರಿಸುತ್ತ ಸಾಗುವ ಇಂಥ ದೋಣಿ, ತಾನೇ ಎಬ್ಬಿಸಿದ ಅಲೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ 80 ಸೆಂಟಿಮೀಟರ್ ಉದ್ದವಿದ್ದರೆ ಅದರ ಸಹಜ ಮಿತಿ ಸೆಕೆಂಡಿಗೆ ಸುಮಾರು 1.1 ಮೀಟರ್. ಅದಕ್ಕಿಂತ ಮೇಲೆ ಸುರಿದ ಶಕ್ತಿ ದೊಡ್ಡ ಅಲೆಯಾಗಿ ಮತ್ತು ಬಿಸಿಯಾದ ಮೋಟರಾಗಿ ಕಾಣಿಸುತ್ತದೆ. ದೊಡ್ಡ ಪ್ರೊಪೆಲರೇ ಚೆಂದವೆನಿಸಿದರೆ ವೇಗ ತಗ್ಗಿಸುವ ಗೇರನ್ನು ನಡುವೆ ಇಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಹೊಸ ಜೋಡಣೆಯನ್ನು ಚಿಕ್ಕ ಪ್ರೊಪೆಲರಿನಿಂದಲೇ ಆರಂಭಿಸಬೇಕು. ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಹಿಡಿದು ನಿಲ್ಲಿಸಿ, ಪೂರ್ಣ ವೇಗದಲ್ಲಿ ಕರೆಂಟನ್ನು ಅಳೆಯಬೇಕು. ನಿಂತ ದೋಣಿ ಸಾಮಾನ್ಯವಾಗಿ ಚಲಿಸುವ ದೋಣಿಗಿಂತ ಹೆಚ್ಚು ಕರೆಂಟು ಎಳೆಯುವುದರಿಂದ ಈ ಅಳತೆ ಸುರಕ್ಷತೆಯ ಕಡೆಗೇ ಇರುತ್ತದೆ. ಹೊರೆಯಿಲ್ಲದ ವೇಗದ ಮುಕ್ಕಾಲು ಭಾಗದಷ್ಟನ್ನು ಮೋಟರು ಉಳಿಸಿಕೊಂಡರೆ ಹೊಂದಾಣಿಕೆ ಒಳ್ಳೆಯದು, ಅರ್ಧಕ್ಕೆ ಇಳಿದರೆ ಪ್ರೊಪೆಲರ್ ದೊಡ್ಡದಾಯಿತು. ಲಿಥಿಯಂ ಪಾಲಿಮರ್ ಬ್ಯಾಟರಿಯಾದರೆ 11.1 ವೋಲ್ಟ್ ಎಂದು ಬರೆದದ್ದು ಪೂರ್ತಿ ಚಾರ್ಜ್ ಆದಾಗ 12.6 ಇರುತ್ತದೆ, ಲೆಕ್ಕಕ್ಕೆ ಆ ಸಂಖ್ಯೆಯನ್ನೇ ಹಿಡಿಯಬೇಕು.

ನಮ್ಮ ಕೆರೆಗಳಲ್ಲಿ ಅಂತರಗಂಗೆಯ ಬೇರು ಪ್ರೊಪೆಲರಿಗೆ ಸುತ್ತಿಕೊಂಡರೆ ಮೋಟರು ನಿಂತೇ ಹೋಗುತ್ತದೆ, ಎದುರು ವೋಲ್ಟೇಜು ಇಲ್ಲವಾಗುತ್ತದೆ. ಮೇಲಿನ ಮೋಟರಿನಲ್ಲಿ ಆಗ 24 ಆಂಪಿಯರ್ ಹರಿದು, 170 ವ್ಯಾಟಿಗಿಂತ ಹೆಚ್ಚು ಶಾಖ ಸುರುಳಿಗೇ ಸೇರುತ್ತದೆ. ಆದ್ದರಿಂದ ಬ್ಯಾಟರಿಗೂ ಸ್ಪೀಡ್ ಕಂಟ್ರೋಲರಿಗೂ ನಡುವೆ, ಬ್ಯಾಟರಿಯ ಹತ್ತಿರವೇ, 10 ಆಂಪಿಯರಿನ ಫ್ಯೂಸ್ ಇರಲೇಬೇಕು.