ಮರುದಿನ ಬೆಳಗ್ಗೆ ಯಾರ ಸಹಿ ನಡೆಯುತ್ತೆ?

ಸ್ವಾತಂತ್ರ್ಯ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಒಂದು ರಾತ್ರಿ. ಒಂದು ಬಾವುಟ ಇಳಿಯುತ್ತದೆ, ಇನ್ನೊಂದು ಏರುತ್ತದೆ, ಜನ ಕುಣಿಯುತ್ತಾರೆ, ಅಳುತ್ತಾರೆ. ನನಗೆ ಮಾತ್ರ ಆ ರಾತ್ರಿಗಿಂತ ಮರುದಿನ ಬೆಳಗಿನ ಬಗ್ಗೆ ಕುತೂಹಲ ಜಾಸ್ತಿ. ಎಂದಿನಂತೆ ಕೋರ್ಟಿನ ಬಾಗಿಲು ತೆರೆಯುತ್ತದೆ. ಕಳ್ಳತನದ ಆರೋಪಿಯೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಅವನನ್ನು ಯಾವ ಕಾನೂನಿನ ಕೆಳಗೆ ವಿಚಾರಿಸಬೇಕು? ಆ ಕಾನೂನು ಮಾಡಿದವರು ನಿನ್ನೆಯಷ್ಟೇ ಗಂಟುಮೂಟೆ ಕಟ್ಟಿದ್ದಾರೆ. ಅತ್ತ ಖಜಾನೆಯಲ್ಲಿ ಪೊಲೀಸರ ಸಂಬಳದ ಬಿಲ್ಲು ಕಾಯುತ್ತಿದೆ. ಅದಕ್ಕೆ ಸಹಿ ಹಾಕುವವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರು ಯಾರು?

ತಲೆಹರಟೆ ಪ್ರಶ್ನೆಗಳಲ್ಲ ಇವು. ವಸಾಹತೊಂದು ದೇಶವಾಗುವ ಕಥೆಯಲ್ಲಿ ಕಷ್ಟದ ಭಾಗವೆಲ್ಲ ಇಲ್ಲೇ ಇದೆ.

ಬಹುತೇಕ ವಸಾಹತುಗಳಲ್ಲಿ ಹೊರಗಿನಿಂದ ಬಂದ ಆಳರಸರು ಬೆರಳೆಣಿಕೆಯಷ್ಟು. ಕಂದಾಯ ವಸೂಲಿ ಮಾಡಿದ್ದು, ಕಡತ ಬರೆದದ್ದು, ಲಾಠಿ ಹಿಡಿದದ್ದು ಹೆಚ್ಚಾಗಿ ಅಲ್ಲಿನವರೇ. ಮೇಲಿನವರು ಹೇಳಿದರೆ ಕೆಳಗಿನವರು ಕೇಳುತ್ತಾರೆ ಎಂಬ ಅಭ್ಯಾಸದ ಮೇಲೆ ಇಡೀ ಆಳ್ವಿಕೆ ನಿಂತಿತ್ತು. ಬಂದೂಕು ಹಿಂದೆ ಇತ್ತು ನಿಜ, ಆದರೆ ದಿನಾ ಬೆಳಗಾದರೆ ಪ್ರತಿಯೊಬ್ಬ ಗುಮಾಸ್ತನ ಬೆನ್ನಿಗೂ ಬಂದೂಕು ಹಿಡಿದು ನಿಲ್ಲಲು ಆಗುವುದಿಲ್ಲವಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಐರ್ಲೆಂಡಿನವರು. 1918ರ ಡಿಸೆಂಬರ್ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಸ್ವಾತಂತ್ರ್ಯ ಬೇಕೆಂದ ಸಿನ್ ಫೇನ್ ಪಕ್ಷಕ್ಕೆ ಬಂದವು. ಗೆದ್ದವರು ಲಂಡನ್ನಿನ ಪಾರ್ಲಿಮೆಂಟಿಗೆ ಹೋಗಲೇ ಇಲ್ಲ. 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮದೇ ಸಭೆ ಸೇರಿಸಿ, ಇದೇ ನಮ್ಮ ಪಾರ್ಲಿಮೆಂಟು ಅಂದರು. ಮಂತ್ರಿಗಳನ್ನು ನೇಮಿಸಿದರು, ಜನರಿಂದ ಸಾಲ ಎತ್ತಿದರು, ತಮ್ಮದೇ ಕೋರ್ಟು ತೆರೆದರು. ಜಮೀನಿನ ಜಗಳ ಇದ್ದವರು ಬ್ರಿಟಿಷ್ ಕೋರ್ಟು ಬಿಟ್ಟು ಈ ಕೋರ್ಟಿಗೆ ಬರತೊಡಗಿದರು. ಎಷ್ಟೋ ಸ್ಥಳೀಯ ಆಡಳಿತ ಮಂಡಳಿಗಳು ನಮ್ಮ ನಿಷ್ಠೆ ಡಬ್ಲಿನ್ನಿನ ಸಭೆಗೆ ಎಂದು ನಿರ್ಣಯ ಮಾಡಿದವು. ಒಂದು ಕಡೆ ಗೆರಿಲ್ಲಾ ಯುದ್ಧ ನಡೆದೇ ಇತ್ತು. ಆದರೆ ಬ್ರಿಟಿಷರ ಕಾಲಡಿಯ ನೆಲ ಕುಸಿದದ್ದು ಈ ಪಕ್ಕದ ಅಂಗಡಿಯಿಂದ. 1921ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಹೊಸ ಸರ್ಕಾರವೊಂದು ಸುಮಾರು ಮೂರು ವರ್ಷದಿಂದ ನಡೆಯುತ್ತಲೇ ಇತ್ತು. ಒಪ್ಪಂದದ ಮೇಲೆ ತಮ್ಮತಮ್ಮಲ್ಲೇ ಅಂತರ್ಯುದ್ಧ ಆಯಿತು, ಅದು ಬೇರೆ ದುಃಖ. ಸರ್ಕಾರ ಮಾತ್ರ ಉಳಿಯಿತು.

ಘಾನಾದಲ್ಲಿ ಸರ್ಕಾರ ನಡೆಸುವ ಈ ತಾಲೀಮು ಬೇರೆ ದಾರಿಯಲ್ಲಿ ಆಯಿತು. 1951ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್ಕ್ರೂಮಾ ಜೈಲಿನೊಳಗಿಂದಲೇ ಗೆದ್ದರು. ಬ್ರಿಟಿಷ್ ಗವರ್ನರ್ ಅವರನ್ನು ಬಿಡುಗಡೆ ಮಾಡಿ, ಬನ್ನಿ, ಸರ್ಕಾರ ರಚಿಸಿ ಅಂದರು. 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬರುವಷ್ಟರಲ್ಲಿ ಎನ್ಕ್ರೂಮಾ ಮತ್ತು ಅವರ ಮಂತ್ರಿಗಳು ಆರು ವರ್ಷ ಬಜೆಟ್ಟು, ಕಡತ, ಅಧಿಕಾರಿಗಳ ಜೊತೆ ಗುದ್ದಾಡಿ ಪಳಗಿದ್ದರು.

ಈಗ ಬೆಲ್ಜಿಯಂನ ವಸಾಹತಾಗಿದ್ದ ಕಾಂಗೋ ನೋಡಿ. 1960ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ ದುಂಡುಮೇಜಿನ ಸಭೆ. ಅದೇ ಜೂನ್ 30ಕ್ಕೆ ಸ್ವಾತಂತ್ರ್ಯ ಎಂದು ತೀರ್ಮಾನ. ತಯಾರಿಗೆ ಸಿಕ್ಕಿದ್ದು ಸರಿಸುಮಾರು ಐದು ತಿಂಗಳು. ಅಷ್ಟು ದೊಡ್ಡ ದೇಶದಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಕಾಂಗೋಲೀಸರನ್ನು ಎರಡು ಕೈಬೆರಳಲ್ಲಿ ಮೂರ್ನಾಲ್ಕು ಸುತ್ತು ಎಣಿಸುವುದರೊಳಗೆ ಮುಗಿಯುತ್ತಿತ್ತು. ಸೈನ್ಯದಲ್ಲಿ ಅಧಿಕಾರಿಗಳೆಲ್ಲ ಬೆಲ್ಜಿಯಂನವರು. ಸ್ವಾತಂತ್ರ್ಯ ಬಂದ ಐದನೇ ದಿನ ಸೇನಾಪತಿ ಜಾನ್ಸೆನ್ಸ್ ಸೈನಿಕರ ಮುಂದೆ ಕರಿಹಲಗೆಯ ಮೇಲೆ ಒಂದು ಸಮೀಕರಣ ಬರೆದರು: ಸ್ವಾತಂತ್ರ್ಯಕ್ಕೆ ಮೊದಲು = ಸ್ವಾತಂತ್ರ್ಯದ ನಂತರ. ಅವರ ಲೆಕ್ಕದಲ್ಲಿ ಅದು ಶಿಸ್ತಿನ ಪಾಠ. ಸೈನಿಕರು ಅದನ್ನು ಬೇರೆ ರೀತಿ ಓದಿದರು. ದಂಗೆ ಶುರುವಾಯಿತು. ಜುಲೈ 11ಕ್ಕೆ ಗಣಿಗಳಿಂದ ತುಂಬಿದ ಕಟಾಂಗಾ ಪ್ರಾಂತ್ಯ ನಾನೇ ಬೇರೆ ಅಂದಿತು, ಅದಕ್ಕೆ ಬೆಲ್ಜಿಯಂನ ಬೆಂಬಲವೂ ಇತ್ತು. ಮುಂದಿನ ಜನವರಿಯಲ್ಲಿ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರ ಕೊಲೆಯಾಯಿತು. ಅಪ್ಪಣೆ ಕೊಡಲು ಪ್ರಧಾನಿ ಇದ್ದರು. ಅಪ್ಪಣೆಯನ್ನು ಹೊತ್ತೊಯ್ಯುವ ಕೈಗಳೇ ಇರಲಿಲ್ಲ.

ಗಿನಿಯದ್ದು ಇನ್ನೂ ವಿಚಿತ್ರ. 1958ರ ಸೆಪ್ಟೆಂಬರ್ 28ರಂದು ಫ್ರಾನ್ಸ್ ತನ್ನ ಆಫ್ರಿಕಾದ ವಸಾಹತುಗಳಲ್ಲಿ ಮತ ಕೇಳಿತು: ನಮ್ಮ ಕೂಟದಲ್ಲೇ ಉಳಿಯುತ್ತೀರಾ? ಬೇಡ ಅಂದದ್ದು ಗಿನಿ ಒಂದೇ, ಅದೂ ಶೇಕಡಾ 95ಕ್ಕಿಂತ ಜಾಸ್ತಿ ಮತಗಳಿಂದ. ನಾಲ್ಕೇ ದಿನದಲ್ಲಿ, ಅಕ್ಟೋಬರ್ 2ಕ್ಕೆ, ಸ್ವತಂತ್ರ ದೇಶ. ಸಿಟ್ಟಾದ ಫ್ರಾನ್ಸ್ ನೆರವು ನಿಲ್ಲಿಸಿತು, ಅಧಿಕಾರಿಗಳನ್ನು ವಾಪಸು ಕರೆಸಿಕೊಂಡಿತು. ಅವರು ಹೋಗುವಾಗ ಕಡತ, ಉಪಕರಣ ಎಲ್ಲ ಹೊತ್ತುಕೊಂಡು ಹೋದರು. ಖಾಲಿ ಕಚೇರಿಗಳಲ್ಲಿ ಕುಳಿತ ಹೊಸ ಸರ್ಕಾರಕ್ಕೆ ಕೈಕೊಟ್ಟು ಎತ್ತಿದ್ದು ಯಾರು ಗೊತ್ತಾ? ತಾನೇ ಕಣ್ಣು ಬಿಟ್ಟು ಎರಡು ವರ್ಷವೂ ಆಗದ ಘಾನಾ. ಒಂದು ಕೋಟಿ ಪೌಂಡ್ ಸಾಲ ಕೊಡುವುದಾಗಿ ಹೇಳಿತು.

ಸರಿ, ಕೈಗಳಿವೆ, ಕಡತಗಳಿವೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಒಂದು ಒಗಟು ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಭಾರತಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದದ್ದು ಕಾನೂನಿನ ಕಣ್ಣಲ್ಲಿ ಹೇಗೆ? ಬ್ರಿಟಿಷ್ ಪಾರ್ಲಿಮೆಂಟ್ ಜುಲೈನಲ್ಲಿ ಒಂದು ಕಾಯ್ದೆ ಮಾಡಿತು. ಅದರಿಂದಲೇ ಅಧಿಕಾರ ಬಂತು. ಹಾಗಾದರೆ ಮುಂದೊಂದು ದಿನ ಅದೇ ಪಾರ್ಲಿಮೆಂಟ್ ಆ ಕಾಯ್ದೆಯನ್ನು ರದ್ದು ಮಾಡಿದರೆ? ಕೊಟ್ಟವರು ವಾಪಸು ಕೇಳಬಹುದಲ್ವಾ? ನಿಜಜೀವನದಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಕೇಳಿದರೆ ಯಾರೂ ಕೊಡುವುದೂ ಇಲ್ಲ. ಆದರೆ ದೇಶದ ಬುನಾದಿ ಬೇರೆಯವರ ಕಾಯ್ದೆಪುಸ್ತಕದಲ್ಲಿ ಕುಳಿತಿರುವುದು ಯಾರಿಗೆ ಹಿತ?

ಸಂವಿಧಾನ ಸಭೆ ಇದಕ್ಕೆ ಮಾಡಿದ ಉಪಾಯ ಸಂವಿಧಾನದ 395ನೇ ವಿಧಿಯಲ್ಲಿದೆ. ಅಲ್ಲಿ 1947ರ ಆ ಸ್ವಾತಂತ್ರ್ಯ ಕಾಯ್ದೆಯನ್ನೇ ರದ್ದು ಮಾಡಲಾಗಿದೆ! ಹತ್ತಿದ ಏಣಿಯನ್ನು ಮೇಲಿನಿಂದ ಒದ್ದು ಬೀಳಿಸಿದ ಹಾಗೆ. ಸಂವಿಧಾನವನ್ನು ಒಪ್ಪಿಗೆಗೆಂದು ಬ್ರಿಟಿಷ್ ದೊರೆಗೆ ಕಳಿಸಲೂ ಇಲ್ಲ. ಹಳೆಯ ಕಾಯ್ದೆಯ ಪ್ರಕಾರ ನೋಡಿದರೆ ಇದು ನಿಯಮ ತಪ್ಪಿದ ಕೆಲಸ ಎಂದು ವಾದಿಸಬಹುದು. ನಿಯಮ ತಪ್ಪಿದ್ದರಲ್ಲೇ ಗುಟ್ಟಿದೆ. ಬೇರು ಕತ್ತರಿಸಿಕೊಂಡರೆ ಮಾತ್ರ ಗಿಡ ಸ್ವಂತ ನೆಲದಲ್ಲಿ ಬೇರು ಬಿಡುತ್ತದೆ. ಐರ್ಲೆಂಡ್ ಕೂಡ 1937ರಲ್ಲಿ ತನ್ನ ಹಳೆ ಸಂವಿಧಾನಕ್ಕೆ ತೇಪೆ ಹಾಕುವ ಬದಲು, ಹೊಸದನ್ನೇ ಬರೆದು ನೇರವಾಗಿ ಜನರ ಮತಕ್ಕೆ ಇಟ್ಟಿತು.

ಅಷ್ಟು ಮಾಡಿ, 372ನೇ ವಿಧಿಯಲ್ಲಿ ಭಾರತದ ಸಂವಿಧಾನ ಇನ್ನೊಂದು ಮಾತು ಹೇಳುತ್ತದೆ: ಹಳೆಯ ಕಾನೂನುಗಳೆಲ್ಲ ಬದಲಾಯಿಸುವ ತನಕ ಹಾಗೇ ನಡೆಯಲಿ. ಏಣಿ ಒದ್ದರು, ಸಾಮಾನು ಉಳಿಸಿಕೊಂಡರು. 1860ರ ದಂಡ ಸಂಹಿತೆ 2024ರ ಜುಲೈ 1ರವರೆಗೂ ನಡೆಯಿತು. ಜಾಣತನ ಅನ್ನಿ, ಸೋಮಾರಿತನ ಅನ್ನಿ. ನನಗೆ ಎರಡೂ ಕಾಣುತ್ತದೆ.

ಆಸ್ಟ್ರಿಯಾದ ಕಾನೂನು ಪಂಡಿತ ಹ್ಯಾನ್ಸ್ ಕೆಲ್ಸನ್ ಇದರ ಬಗ್ಗೆ ತುಂಬಾ ತಲೆಕೆಡಿಸಿಕೊಂಡಿದ್ದರು. ಪ್ರತಿ ಕಾನೂನಿಗೂ ಅದರ ಮೇಲಿನ ಕಾನೂನಿನಿಂದ ಬಲ ಬರುತ್ತದೆ. ಹೀಗೇ ಮೇಲೆ ಹೋಗುತ್ತಾ ಹೋದರೆ ಕೊನೆಗೆ ಒಂದು ಮೂಲ ನಿಯಮ ಸಿಗುತ್ತದೆ. ಅದರ ಮೇಲೆ ಏನೂ ಇಲ್ಲ, ಎಲ್ಲರೂ ಅದನ್ನು ಇದೆ ಅಂದುಕೊಂಡು ಮುಂದೆ ಸಾಗುತ್ತಾರೆ ಅಷ್ಟೇ. ಸ್ವಾತಂತ್ರ್ಯದಲ್ಲಿ ನಿಜವಾಗಿ ಬದಲಾಗುವುದು ಈ ಅಂದುಕೊಳ್ಳುವಿಕೆ.

ಅಮೆರಿಕದವರು ಇದನ್ನು ಎರಡು ಸಲ ಮಾಡಬೇಕಾಯಿತು. 1776ರಲ್ಲಿ 13 ವಸಾಹತುಗಳು ಬ್ರಿಟನ್ನಿನಿಂದ ಬಿಡಿಸಿಕೊಂಡವು. 1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕು, ಅವು ಕೊಟ್ಟರುಂಟು ಇಲ್ಲದಿದ್ದರಿಲ್ಲ. ದೂರದ ದೊರೆಯ ತೆರಿಗೆಗೆ ಸಿಟ್ಟಾಗಿ ಎದ್ದವರು ಹತ್ತಿರದ ಸರ್ಕಾರಕ್ಕೂ ತೆರಿಗೆಯ ಹಕ್ಕು ಕೊಡಲಿಲ್ಲ, ಆಶ್ಚರ್ಯವೇನಿಲ್ಲ. 1783ರಲ್ಲಿ ಸಂಬಳ ಸಿಗದ ಸೈನಿಕರು ಮುತ್ತಿದಾಗ ಒಕ್ಕೂಟದ ಸಭೆಯಾದ ಕಾಂಗ್ರೆಸ್ಸಿನವರು ಫಿಲಡೆಲ್ಫಿಯಾ ಬಿಟ್ಟು ಓಡಬೇಕಾಯಿತು. 1787ರಲ್ಲಿ ಅದೇ ಊರಿನಲ್ಲಿ 55 ಪ್ರತಿನಿಧಿಗಳು ಸೇರಿದ್ದು ಹಳೆ ಕರಾರು ತಿದ್ದಲೆಂದು. ಬಾಗಿಲು ಮುಚ್ಚಿಕೊಂಡು ಹೊಸ ಸಂವಿಧಾನವನ್ನೇ ಬರೆದುಬಿಟ್ಟರು. ಹಳೆ ಕರಾರಿನ ಪ್ರಕಾರ ಬದಲಾವಣೆಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಹೊಸದರಲ್ಲಿ ಒಂಬತ್ತು ಸಾಕು ಎಂದು ಅವರೇ ಬರೆದುಕೊಂಡರು. ಸಭೆಗೆ ಪ್ರತಿನಿಧಿಯನ್ನೇ ಕಳಿಸದ ರೋಡ್ ಐಲೆಂಡ್ 1790ರ ತನಕ ಮುನಿಸಿಕೊಂಡು ಹೊರಗೇ ಇತ್ತು.

ದುಡ್ಡಿನ ವಿಷಯ ಬಂತಲ್ಲ, ಹೈಟಿಯನ್ನು ಬಿಟ್ಟು ಮುಂದೆ ಹೋಗಲಾಗದು. ಗುಲಾಮರು ಎದ್ದು ಫ್ರೆಂಚ್ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಕಟ್ಟಿದ ದೇಶ ಅದು. ಗೆದ್ದವರು ಅವರು. ಆದರೂ 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ನಿಮ್ಮನ್ನು ದೇಶವೆಂದು ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಅಂದಿತು. ಕಳೆದುಕೊಂಡ ಆಸ್ತಿಗೆ ಪರಿಹಾರವಂತೆ. ಆ ಆಸ್ತಿಯಲ್ಲಿ ಇದೇ ಮನುಷ್ಯರೂ ಸೇರಿದ್ದರು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಅದನ್ನು ತೀರಿಸಲು ಮಾಡಿದ ಸಾಲಗಳ ಬಾಲ 1947ರ ತನಕ ಎಳೆಯಿತು. ಇಂಡೊನೇಷ್ಯಾ 1945ರ ಆಗಸ್ಟ್ 17ರಂದು ಎರಡೇ ವಾಕ್ಯದಲ್ಲಿ ಸ್ವಾತಂತ್ರ್ಯ ಸಾರಿತು. ಅಧಿಕಾರ ವರ್ಗಾವಣೆ ಆದಷ್ಟು ಬೇಗ ಆಗುತ್ತದೆ ಎಂದು ಎರಡನೇ ವಾಕ್ಯದಲ್ಲಿತ್ತು. ಡಚ್ಚರು ಒಪ್ಪಿದ್ದು ನಾಲ್ಕು ವರ್ಷದ ಕಾದಾಟದ ನಂತರ, 1949ರ ಡಿಸೆಂಬರ್ 27ಕ್ಕೆ. ಅದೂ ಹಳೆ ವಸಾಹತು ಸರ್ಕಾರದ ಸುಮಾರು 430 ಕೋಟಿ ಗಿಲ್ಡರ್ ಸಾಲವನ್ನು ಹೊಸ ದೇಶದ ತಲೆಗೆ ಕಟ್ಟಿ.

ಗಡಿಗಳೂ ಹಾಗೇ. ಯಾರೋ ನಕ್ಷೆಯ ಮೇಲೆ ಎಳೆದ ಗೆರೆಗಳನ್ನು ಆಫ್ರಿಕಾದ ನಾಯಕರು 1964ರಲ್ಲಿ ಕೈರೋದಲ್ಲಿ ಸೇರಿ, ಇರಲಿ ಬಿಡಿ, ಇದನ್ನೇ ಗೌರವಿಸೋಣ ಅಂದರು. ತಿದ್ದಲು ಹೊರಟರೆ ಜಗಳಕ್ಕೆ ಕೊನೆಯಿಲ್ಲ ಎಂಬ ಭಯ. ತಪ್ಪು ಭಯವೇನಲ್ಲ.

ಹಳೆಯ ಯಂತ್ರವನ್ನೇ ಓಡಿಸಿದರೆ ಅದು ಹಳೆಯ ಕೆಲಸವನ್ನೇ ಮಾಡುತ್ತದಾ? ಹೌದು ಎನ್ನುವವರಲ್ಲಿ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಎಂಬ ಮೂವರು ಮುಖ್ಯರು. 2024ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂತು. ದೋಚುವುದಕ್ಕೆಂದೇ ಕಟ್ಟಿದ ವ್ಯವಸ್ಥೆ, ದೋಚುವವರು ಹೋದ ಮೇಲೂ ಕುರ್ಚಿಯಲ್ಲಿ ಕುಳಿತವರಿಗೆ ಅದೇ ಆಸೆ ತೋರಿಸುತ್ತದೆ ಎಂಬುದು ಅವರ ವಾದದ ತಿರುಳು. ಅವರು ಆಧಾರವಾಗಿ ಬಳಸಿದ, ವಸಾಹತುಗಳಿಗೆ ಹೋದ ಯುರೋಪಿಯನ್ನರ ಹಳೆ ಕಾಲದ ಸಾವಿನ ಅಂಕಿಗಳ ಬಗ್ಗೆ ತಕರಾರುಗಳಿವೆ. ಆದರೆ ಜನ ಜೈಲಿನಿಂದ ಆರಿಸಿ ತಂದ ಅದೇ ಎನ್ಕ್ರೂಮಾ 1964ಕ್ಕೆ ಘಾನಾವನ್ನು ಏಕಪಕ್ಷ ದೇಶ ಮಾಡಿದರು, ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾನೂನು ತಂದರು ಎಂಬುದನ್ನು ನೆನೆದರೆ ಆ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಮೊದಲು ಹೇಳಿದ ಕೋರ್ಟಿಗೆ ವಾಪಸು ಬರೋಣ. ಅಂಥದ್ದು ನಿಜವಾಗಿಯೂ ನಡೆಯಿತು, ಪೂರ್ವ ಟಿಮೋರ್‌ನಲ್ಲಿ. ಪೋರ್ಚುಗಲ್‌ನ ವಸಾಹತಾಗಿದ್ದ ಅದನ್ನು 1975ರಲ್ಲಿ ಇಂಡೊನೇಷ್ಯಾ ಆಕ್ರಮಿಸಿತ್ತು. 1999ರ ಆಗಸ್ಟ್ 30ರ ಮತದಾನದಲ್ಲಿ ಶೇಕಡಾ 78.5 ಜನ ಬೇರೆಯಾಗಲು ಮತ ಹಾಕಿದರು. ವಿಶ್ವಸಂಸ್ಥೆ ಕೆಲಕಾಲ ಆಡಳಿತ ನಡೆಸಿ, 2002ರ ಮೇ 20ರಂದು ದೇಶವನ್ನು ಅವರ ಕೈಗಿತ್ತಿತು. ಹೊಸ ಸಂವಿಧಾನವೂ ಎಲ್ಲರಂತೆ, ಹಳೆಯ ಕಾನೂನು ಮುಂದುವರಿಯಲಿ ಅಂದಿತ್ತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಕೇಳಿತು: ಹಳೆಯ ಕಾನೂನು ಅಂದರೆ ಯಾರದ್ದು? ಇಂಡೊನೇಷ್ಯಾದ ಆಕ್ರಮಣವೇ ಅಕ್ರಮ, ಹಾಗಾಗಿ ಅದರ ಕಾನೂನು ಇಲ್ಲಿ ಕಾನೂನೇ ಅಲ್ಲ, ನಡೆಯುವುದು ಪೋರ್ಚುಗಲ್‌ನದ್ದು ಎಂದು ತೀರ್ಪು ಕೊಟ್ಟಿತು. ತರ್ಕ ಸರಿಯಾಗಿಯೇ ಇತ್ತು. ಆದರೆ ಅಲ್ಲಿನ ವಕೀಲರು, ಕೆಳಗಿನ ನ್ಯಾಯಾಧೀಶರು ಓದಿ ಬಂದದ್ದು ಇಂಡೊನೇಷ್ಯಾದ ಕಾನೂನು. ಅದೇ ವರ್ಷ ಸಂಸತ್ತು ಸೇರಿ ಹೊಸ ಕಾನೂನು ಮಾಡಿತು: ನಾವು ಹಳೆಯದು ಅಂದದ್ದು ಇಂಡೊನೇಷ್ಯಾದ್ದನ್ನೇ.