ಬೆರಳ ತುದಿಯ ಜೋಮು, ಬೆನ್ನೊಳಗಿನ ಹಾವು

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಸೀಮೆಯ ನಮ್ಮೂರಿನ ಸಮುದಾಯ ಭವನದಲ್ಲಿ ಹತ್ತು ದಿನಗಳ ಧ್ಯಾನ ಶಿಬಿರವೊಂದು ನಡೆಯಿತು. ಮಳೆ ಹಿಡಿದು ತೋಟದ ಕೆಲಸವೆಲ್ಲ ನಿಂತಿದ್ದ ದಿನಗಳಾದ್ದರಿಂದ, ಬೆಳಗಿನ ಐದೂವರೆಗೆ ಕಂಬಳಿ ಹೊದ್ದು ಬಂದವರು ಮೂವತ್ತು ಮಂದಿಗೂ ಹೆಚ್ಚು. ಕಲಿಸಿದ್ದು ಕುಂಡಲಿನಿಯನ್ನು ಎಬ್ಬಿಸುವ ‘ಹೊಸ ಪದ್ಧತಿ’: ಬೆನ್ನು ನೆಟ್ಟಗಿರಿಸಿ ಮೂಲಬಂಧ ಹಾಕುವುದು, ಅಂದರೆ ಗುದದ ಸುತ್ತಲಿನ ಸ್ನಾಯುಗಳನ್ನು ಮೇಲಕ್ಕೆ ಬಿಗಿಯುವುದು, ಹತ್ತು ನಿಮಿಷ ತಿದಿಯೊತ್ತಿದಂತೆ ರಭಸವಾಗಿ ಉಸಿರಾಡುವುದು, ಅನಂತರ ಕಣ್ಣು ಮುಚ್ಚಿ ಬೆನ್ನಿನ ಬುಡದಿಂದ ನೆತ್ತಿಯವರೆಗೆ ಗಮನವನ್ನು ಮೆಲ್ಲನೆ ಏರಿಸುವುದು. ಮೂರನೆಯ ದಿನ ನನ್ನ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಗೌಡರ ಕೈಗಳು ಮಣಿಕಟ್ಟಿನಲ್ಲಿ ಬಾಗಿದವು. ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳು ಅಂಗೈಯೊಳಕ್ಕೆ ಸೇರಿ ಸೆಟೆದುಕೊಂಡಿತು. ತುಟಿಯ ಸುತ್ತ ಇರುವೆ ಹರಿದಂತಾಗುತ್ತಿದೆಯೆಂದು ಕಷ್ಟಪಟ್ಟು ಹೇಳಿದವರು, ಐದು ನಿಮಿಷದ ಮೇಲೆ ಕೈ ಸಡಿಲವಾದಾಗ ನನ್ನತ್ತ ತಿರುಗಿ, “ಮೇಷ್ಟ್ರೇ, ಒಳಗೆ ಏನೋ ಎದ್ದಿದ್ದಂತೂ ನಿಜ” ಎಂದರು. ಶಕ್ತಿ ಕದಲಿದ್ದರ ಕುರುಹು ಅದು ಎಂದು ಶಿಬಿರ ನಡೆಸುತ್ತಿದ್ದವರು ಹೇಳಿದರು.

ಗೌಡರ ಅನುಭವ ಸುಳ್ಳಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ತಕರಾರಿದ್ದದ್ದು ಅದಕ್ಕೆ ಕೊಟ್ಟ ವಿವರಣೆಯ ಬಗ್ಗೆ ಮಾತ್ರ. ರಭಸವಾಗಿ ಉಸಿರಾಡಿದರೆ ಹೆಚ್ಚು ಆಮ್ಲಜನಕ ಸಿಗುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಆರೋಗ್ಯವಂತನ ರಕ್ತ ಸಾಧಾರಣ ಉಸಿರಿನಲ್ಲೇ ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿರುತ್ತದೆ. ನಿಜವಾಗಿ ಬದಲಾಗುವುದು ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡಿನ ಪ್ರಮಾಣ. ಅದು ಮಿತಿಮೀರಿ ಹೊರಬಿದ್ದಾಗ, 7.35ರಿಂದ 7.45ರ ಕಿರಿದಾದ ಅಂತರದಲ್ಲಿ ಇರಬೇಕಾದ ರಕ್ತದ ಪಿಎಚ್ ಮೇಲಕ್ಕೇರಿ ರಕ್ತ ಹೆಚ್ಚು ಕ್ಷಾರೀಯವಾಗುತ್ತದೆ. ಆಗ ಆಲ್ಬುಮಿನ್ ಎಂಬ ಪ್ರೋಟೀನು ತನ್ನಲ್ಲಿದ್ದ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಟ್ಟು, ಆ ಜಾಗದಲ್ಲಿ ರಕ್ತದಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ನರಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಈ ಬಿಡಿ ಕ್ಯಾಲ್ಸಿಯಂ. ಅದು ತಗ್ಗಿದೊಡನೆ ನರಗಳು ಯಾರೂ ಕರೆಯದಿದ್ದರೂ ಓಗೊಡತೊಡಗುತ್ತವೆ. ಮೊದಲು ತುಟಿ ಮತ್ತು ಬೆರಳ ತುದಿಯಲ್ಲಿ ಜುಮುಜುಮು, ಮುಂದೆ ಕೈಯ ಸ್ನಾಯುಗಳ ಸೆಳೆತ. ಸೆಟೆದ ಆ ಕೈಗೆ ವೈದ್ಯಶಾಸ್ತ್ರದಲ್ಲಿ ‘ಸೂಲಗಿತ್ತಿಯ ಕೈ’ ಎಂಬ ಅರ್ಥದ ಹೆಸರೇ ಇದೆ. ಇದೇ ಹೊತ್ತಿನಲ್ಲಿ ಮಿದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ತಲೆ ಹಗುರಾಗಿ, ಜಗತ್ತು ಕೊಂಚ ದೂರ ಸರಿದಂತೆ ಭಾಸವಾಗುತ್ತದೆ. ಮೆಟ್ಟುಗತ್ತಿಯ ಮೇಲೆ ತಾಸುಗಟ್ಟಲೆ ಕೂತು ಅಡಿಕೆ ಸುಲಿಯುವವರ ಕಾಲಿಗೆ ಹಿಡಿಯುವ ಜೋಮು ನರ ಒತ್ತಿಹೋಗಿ ಬಂದದ್ದು, ಗೌಡರ ಕೈಯದು ರಕ್ತದ ರಸಾಯನ ಬದಲಾಗಿ ಬಂದದ್ದು. ಮೊದಲನೆಯದನ್ನು ಯಾರೂ ದೈವಿಕವೆಂದು ಕರೆಯುವುದಿಲ್ಲ.

ಹಾಗಾದರೆ ಕುಂಡಲಿನಿ ಎಂದರೆ ಏನು? ಬೆನ್ನಿನ ಬುಡದ ಮೂಲಾಧಾರದಲ್ಲಿ ಮೂರೂವರೆ ಸುತ್ತು ಸುತ್ತಿಕೊಂಡು ಮಲಗಿರುವ ಸರ್ಪರೂಪದ ಶಕ್ತಿ, ಬೆನ್ನಿನ ನಡುವೆ ಹಾಯುವ ಸುಷುಮ್ನಾ ನಾಡಿಯ ಮೂಲಕ ಆರು ಚಕ್ರಗಳನ್ನು ದಾಟಿ ನೆತ್ತಿಯ ಸಹಸ್ರಾರವನ್ನು ಸೇರುತ್ತದೆ ಎಂಬುದು ನಮಗೆ ಪರಿಚಿತವಾದ ಚಿತ್ರ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಕುಂಡಲಿನಿಯ ಮಾತು ವಿವರವಾಗಿ ಬರುತ್ತದೆ. ಆರು ಚಕ್ರಗಳನ್ನು ದಳ, ಬಣ್ಣ, ಬೀಜಾಕ್ಷರಗಳೊಡನೆ ವರ್ಣಿಸಿದ್ದು 16ನೆಯ ಶತಮಾನದ ಪೂರ್ಣಾನಂದನ ಷಟ್ಚಕ್ರನಿರೂಪಣ. ಅದನ್ನು 1919ರಲ್ಲಿ ಜಾನ್ ವುಡ್ರಫ್ ಇಂಗ್ಲಿಷಿಗೆ ತಂದ ಮೇಲೆ ಚಕ್ರಗಳು ಜಗತ್ತನ್ನೆಲ್ಲ ಸುತ್ತಿದವು. ಈ ಚಿತ್ರವನ್ನು ಅಂಗರಚನೆಯ ನಕ್ಷೆಯೆಂದು ಓದುವ ಆಸೆ ಹಲವರಿಗೆ ಬಂದಿದೆ. ಆರ್ಯಸಮಾಜವನ್ನು ಕಟ್ಟಿದ ದಯಾನಂದ ಸರಸ್ವತಿಯವರು ತಮ್ಮ ಅಲೆದಾಟದ ದಿನಗಳಲ್ಲಿ ಗಂಗೆಯಲ್ಲಿ ತೇಲಿಬಂದ ಶವವೊಂದನ್ನು ದಡಕ್ಕೆಳೆದು, ಚೂರಿಯಿಂದ ಸೀಳಿ, ಕೈಯಲ್ಲಿದ್ದ ಗ್ರಂಥಗಳ ವರ್ಣನೆಗೆ ಹೋಲಿಸಿ ನೋಡಿದರಂತೆ. ಯಾವುದೂ ತಾಳೆಯಾಗದಿದ್ದಾಗ ಪುಸ್ತಕಗಳನ್ನು ಹರಿದು ಶವದೊಡನೆಯೇ ನದಿಗೆ ಎಸೆದದ್ದನ್ನು ಅವರೇ ಆತ್ಮಕಥನದಲ್ಲಿ ಬರೆದಿದ್ದಾರೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರು ವಸಂತ ರೇಳೆ ಎಂಬ ವೈದ್ಯರು. ಕುಂಡಲಿನಿಯೆಂದರೆ ವೇಗಸ್ ನರವೇ ಎಂದು 1927ರಲ್ಲಿ ವಾದಿಸಿದರು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಹೃದಯ, ಶ್ವಾಸಕೋಶ, ಜಠರಗಳಿಗೆ ಇಳಿಯುವ ಆ ನರ ಬೆನ್ನುಹುರಿಯ ಒಳಗೆ ಹಾಯುವುದಿಲ್ಲವಾದ್ದರಿಂದ ಈ ವಾದವೂ ನಿಲ್ಲಲಿಲ್ಲ. ನನಗನ್ನಿಸುವಂತೆ ಇಬ್ಬರೂ ಚಕ್ರವನ್ನು ಮಾಂಸದಲ್ಲಿ ಹುಡುಕಿದರು. ಧ್ಯಾನಿಸುವವನ ಗಮನ ಎಲ್ಲೆಲ್ಲಿ ನಿಲ್ಲಬೇಕೆಂದು ಹೇಳುವ ನಕ್ಷೆ ಅದು, ಶವದಲ್ಲಿ ಸಿಗುವಂಥದ್ದಲ್ಲ.

ಗಮನದ ಬಲವನ್ನು ಅರಿಯಲು ಶಿಬಿರವೇ ಬೇಕಿಲ್ಲ. ಕಣ್ಣು ಮುಚ್ಚಿ ಎಡಗೈ ಹೆಬ್ಬೆರಳ ತುದಿಯೊಂದನ್ನೇ ಒಂದು ನಿಮಿಷ ಗಮನಿಸಿದರೆ ಅಲ್ಲಿ ಬಿಸಿಯೋ ಮಿಡಿತವೋ ಜುಮ್ಮೆನ್ನುವಿಕೆಯೋ ಕಾಣಿಸಿಕೊಳ್ಳುತ್ತದೆ. ದೇಹದಿಂದ ಸದಾ ಹರಿದುಬರುವ ಸಂಕೇತಗಳಲ್ಲಿ ಬಹುಪಾಲನ್ನು ಮಿದುಳು ನಮ್ಮ ಅರಿವಿಗೆ ತರುವುದೇ ಇಲ್ಲ, ಗಮನ ಹರಿಸಿದಾಗ ಅವು ಕೇಳತೊಡಗುತ್ತವೆ. ಅದೇ ಗಮನವನ್ನು ಬೆನ್ನಿನುದ್ದಕ್ಕೂ ಮೇಲಕ್ಕೆ ಒಯ್ದರೆ ಏನೋ ಏರಿದಂತೆ ಅನ್ನಿಸುವುದು ಸಹಜ.

ಎಲ್ಲವೂ ಬರೀ ಅನ್ನಿಸಿಕೆಯೂ ಅಲ್ಲ. ಕುಂಡಲಿನಿಯ ಹತ್ತಿರದ ನೆಂಟನಾದ ತುಮ್ಮೊ ಎಂಬ ಟಿಬೆಟಿನ ಸಾಧನೆಯಲ್ಲಿ ಉಸಿರು ಹಿಡಿದು, ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ನಾಯುಗಳನ್ನು ಬಿಗಿದು, ಬೆನ್ನುಹುರಿಯಲ್ಲಿ ಜ್ವಾಲೆಯೊಂದನ್ನು ಭಾವಿಸಿಕೊಳ್ಳುತ್ತಾರೆ. 1982ರಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಧರ್ಮಶಾಲೆಯ ಮೂವರು ಭಿಕ್ಷುಗಳನ್ನು ಪರೀಕ್ಷಿಸಿದಾಗ ಕೈಕಾಲಿನ ಬೆರಳುಗಳ ಉಷ್ಣತೆ 8.3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದ್ದು ದಾಖಲಾಯಿತು. 2013ರ ಇನ್ನೊಂದು ಅಧ್ಯಯನದಲ್ಲಿ ಕಂಕುಳಿನ ಉಷ್ಣತೆ 38.3 ಡಿಗ್ರಿಯವರೆಗೆ ಹೋಯಿತು. ಉಸಿರು ಮತ್ತು ಸ್ನಾಯುಗಳ ಕೆಲಸದಿಂದ ಬಿಸಿ ಹುಟ್ಟುತ್ತದೆ, ಜ್ವಾಲೆಯ ಭಾವನೆ ಆ ಬಿಸಿಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಲು ನೆರವಾಗುತ್ತದೆ ಎಂದು ಅದನ್ನು ನಡೆಸಿದವರು ವಿವರಿಸಿದರು. ನಮ್ಮ ಆಷಾಢದ ಬೆಳಗಿನಲ್ಲಿ ಕಂಬಳಿ ತಾನಾಗಿ ಹೆಗಲಿಂದ ಜಾರಿದ್ದಕ್ಕೂ ಇಷ್ಟು ಕಾರಣ ಸಾಕು.

ಗುಣದ ಮಾತಿಗೆ ಬಂದರೆ, ಅಮೆರಿಕದಲ್ಲಿ ಸದಾ ಆತಂಕದಿಂದ ಬಳಲುತ್ತಿದ್ದ 226 ಮಂದಿಯ ಮೇಲೆ ನಡೆದು 2021ರಲ್ಲಿ ಅಚ್ಚಾದ ಪ್ರಯೋಗವೊಂದಿದೆ. ಮೂರು ತಿಂಗಳ ಕುಂಡಲಿನಿ ಯೋಗದ ನಂತರ ಶೇ. 54.2ರಷ್ಟು ಮಂದಿ ಸುಧಾರಿಸಿದರು. ಒತ್ತಡದ ಬಗ್ಗೆ ತಿಳಿವಳಿಕೆ ಮಾತ್ರ ಪಡೆದವರಲ್ಲಿ ಇದು ಶೇ. 33, ಮನೋಚಿಕಿತ್ಸೆ ಪಡೆದವರಲ್ಲಿ ಶೇ. 70.8. ಆರು ತಿಂಗಳ ಮೇಲೆ ನೋಡಿದಾಗ ಮನೋಚಿಕಿತ್ಸೆಯ ಮೇಲುಗೈ ಉಳಿದಿತ್ತು, ಯೋಗದ್ದು ಖಚಿತವಾಗಿ ಹೇಳುವಷ್ಟು ಉಳಿದಿರಲಿಲ್ಲ. ಪ್ರಯೋಜನವಿದೆ, ಪವಾಡವಿಲ್ಲ.

ಇನ್ನು ‘ಹೊಸ’ ಎಂಬ ಮಾತು. ನಮ್ಮದೇ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಪಾತಂಜಲ ಮೊದಲಾದ ಯೋಗಶಾಸ್ತ್ರಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು, ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಯೋಗ ಮತ್ತು ವೈದ್ಯ ಒಂದೇ ಅಂಗಳದಲ್ಲಿದ್ದ ಊರು ಅದು. ರಭಸದ ವಿಷಯದಲ್ಲಿ ಹಳಬರು ನಮಗಿಂತ ಎಚ್ಚರದಿಂದಿದ್ದರು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಹಠಯೋಗಪ್ರದೀಪಿಕೆ. ಶಿವಮೊಗ್ಗದವರಿಗೆ ಇದು ದೂರದ ಉಪಮೆಯಲ್ಲ. ಹುಲಿ ಸಿಂಹಗಳು ತ್ಯಾವರೆಕೊಪ್ಪದಲ್ಲಿವೆ, ಆನೆಯನ್ನು ಹೇಗೆ ಪಳಗಿಸುತ್ತಾರೆಂದು ಸಕ್ರೆಬೈಲಿನ ಮಾವುತರು ಹೇಳಿಯಾರು. ಮೂರ್ಛೆರೋಗ, ಹೃದ್ರೋಗ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಹಿಂದೆ ಚಿತ್ತವಿಕಲತೆಗೆ ಚಿಕಿತ್ಸೆ ಪಡೆದವರು ಇಂಥ ರಭಸದ ಉಸಿರಾಟಕ್ಕೆ ಕೈಹಾಕಬಾರದು. ನಮ್ಮ ಶಿಬಿರದಲ್ಲಿ ಈ ಪ್ರಶ್ನೆಗಳನ್ನು ಯಾರೂ ಯಾರಿಗೂ ಕೇಳಲಿಲ್ಲ.

ಗೌಡರಿಗೆ ಬಿಪಿ ಮಾತ್ರೆ ಇದೆಯೆಂದು ನನಗೆ ಗೊತ್ತಿತ್ತು. ಮರುದಿನ ಅವರ ಜಗಲಿಯಲ್ಲಿ ಕೂತು ಬೇರೊಂದನ್ನು ಮಾಡಿದೆವು. ಗೋಡೆ ಗಡಿಯಾರ ನೋಡುತ್ತ ಐದು ಸೆಕೆಂಡು ಉಸಿರು ಒಳಗೆ, ಐದು ಸೆಕೆಂಡು ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳಿದರೂ ‘ಓಂ ಮಣಿ ಪದ್ಮೇ ಹುಂ’ ಜಪಿಸಿದರೂ ಉಸಿರು ಹೆಚ್ಚುಕಡಿಮೆ ಇದೇ ಲಯಕ್ಕೆ ಇಳಿಯುತ್ತದೆಂದು ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದರು. ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ಪ್ರತಿಕ್ರಿಯೆ ಈ ಲಯದಲ್ಲಿ ಹೆಚ್ಚು ಚುರುಕಾಗಿರುತ್ತದೆ. ಗೌಡರು ಎಡಗೈ ನಾಡಿಯ ಮೇಲೆ ಬಲಗೈ ಬೆರಳಿಟ್ಟುಕೊಂಡಿದ್ದರು. ಉಸಿರು ಬಿಡುವಾಗ ವೇಗಸ್ ನರ ಹೃದಯಕ್ಕೆ ಕಡಿವಾಣ ಬಿಗಿಯುತ್ತದೆ, ಎಳೆದುಕೊಳ್ಳುವಾಗ ಸಡಿಲಿಸುತ್ತದೆ ಎಂದು ನಾನು ಹೇಳುತ್ತಿದ್ದೆ. ಅವರು ಕೈ ಅಡ್ಡ ಮಾಡಿ ನನ್ನ ಮಾತು ನಿಲ್ಲಿಸಿದರು. “ತಡೀರಿ ಮೇಷ್ಟ್ರೇ, ಬಿಡುವಾಗ ನಿಧಾನ ಆಗ್ತಾ ಇದೆ” ಎಂದು, ಮತ್ತೊಮ್ಮೆ ಮೊದಲಿಂದ ಎಣಿಸತೊಡಗಿದರು.